ಸಾನ್ ರೊಕ್ಕೊ ತಿರುವಿನ ಹೆಸರು

ಎನೇಯನ ಕಾಲಿನ ಕೂದಲನ್ನು ಮೊದಲ ಸಲ ಬೋಳಿಸಿದ್ದು ಅವನ ಅಕ್ಕ ನೊಯೆಮಿ. ಆಗ ಅವನಿಗೆ ಹದಿನೈದು ವರ್ಷ. ಸೈಕಲ್ ರೇಸಿಗೆ ಇಳಿದವರು ಕಾಲು ಬೋಳಿಸಿಕೊಳ್ಳಬೇಕು, ಬಿದ್ದಾಗ ಗಾಯ ತೊಳೆಯಲು ಸುಲಭ, ಎಣ್ಣೆ ಹಚ್ಚಿ ತಿಕ್ಕಲು ಸುಲಭ ಎಂಬುದು ನಮ್ಮ ಕಣಿವೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹುಡುಗ ಅಪ್ಪನ ರೇಜರ್ ಕದ್ದು, ಬಚ್ಚಲಲ್ಲಿ ಮೊಣಕಾಲು ಕೊಯ್ದುಕೊಂಡು ಅಳುಮೋರೆ ಹಾಕಿ ನಿಂತಿದ್ದ. ನೊಯೆಮಿ ಅವನ ಕಿವಿ ಹಿಡಿದು ತನ್ನ ಅಂಗಡಿಗೆ ಎಳೆದುಕೊಂಡು ಹೋದಳು. ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ, ಉಗುರು ತಿದ್ದುವ ಅಂಗಡಿ ಅದು. ಗಂಡಸರು ಹೊಸ್ತಿಲು ತುಳಿಯುವ ಜಾಗವಲ್ಲ.

"ಕೂತ್ಕೋ. ಅಲ್ಲಾಡಿದ್ರೆ ಕಾಲೇ ಹೋಗತ್ತೆ," ಎಂದಳು ನೊಯೆಮಿ.

ಪಕ್ಕದ ಕುರ್ಚಿಯಲ್ಲಿ ತಲೆಗೆ ಬಣ್ಣ ಮೆತ್ತಿಸಿಕೊಂಡು ಕೂತಿದ್ದ ಪಾಲ್ಮಿರಜ್ಜಿ ಕನ್ನಡಕ ಏರಿಸಿ ನೋಡಿದಳು. "ನನ್ ಮದುವೆ ದಿನಾನೂ ನನ್ ಕಾಲು ಇಷ್ಟ್ ನುಣುಪಾಗಿರ್ಲಿಲ್ಲ ಕಣೋ ಮಗಾ. ನಿಂಗೊಂದು ಗಂಡು ನೋಡೋಣ್ವಾ?"

ಹುಡುಗ ಕಿವಿಯವರೆಗೆ ಕೆಂಪಾದ. ಆದರೆ ಅಲ್ಲಾಡಲಿಲ್ಲ. ಅಕ್ಕನ ಕೈ ಮೇಲೆ ಅವನಿಗೆ ಅಷ್ಟು ನಂಬಿಕೆ.

ನಂಬಿಕೆಗೆ ಕಾರಣವಿತ್ತು. ಅಪ್ಪ ಅಮ್ಮ ಇಬ್ಬರಿಗೂ ಕೆಳಗಿನ ಪಟ್ಟಣದ ಬಟ್ಟೆ ಗಿರಣಿಯಲ್ಲಿ ಪಾಳಿಯ ಕೆಲಸ. ಒಬ್ಬರು ಬರುವಾಗ ಇನ್ನೊಬ್ಬರು ಹೊರಡುವರು. ಒಂಬತ್ತು ವರ್ಷ ದೊಡ್ಡವಳಾದ ನೊಯೆಮಿಯೇ ತಮ್ಮನ ಮೂಗು ಒರೆಸಿದವಳು, ಮೆಕ್ಕೆಜೋಳದ ಪೊಲೆಂತಾ ಗಂಜಿ ತಿನ್ನಿಸಿದವಳು, ಭಾನುವಾರ ಮುಂಜಾನೆ ಹಳೆಯ ವ್ಯಾನಿಗೆ ಸೈಕಲ್ ಏರಿಸಿ ಊರೂರಿನ ಹುಡುಗರ ರೇಸಿಗೆ ಕರೆದುಕೊಂಡು ಹೋದವಳು. ಅವನ ಹೆಸರನ್ನೂ ಅವಳೇ ಇಟ್ಟದ್ದು. ಶಾಲೆಯ ಪುಸ್ತಕದಲ್ಲಿ ಓದಿದ ಹೆಸರೊಂದು ಇಷ್ಟವಾಯಿತೆಂದು ಹಟ ಹಿಡಿದು ಅತ್ತಿದ್ದಳಂತೆ. ಎರಡು ಪಾಳಿಯ ನಡುವೆ ವಾದ ಮಾಡಲು ಅಪ್ಪ ಅಮ್ಮನಿಗೆ ಪುರುಸೊತ್ತು ಇರಲಿಲ್ಲ.

ಆ ಎನೇಯ ಈಗ ಇಪ್ಪತ್ತೆರಡರ ಯುವಕ, ದೊಡ್ಡ ತಂಡದಲ್ಲಿ ಸಂಬಳಕ್ಕೆ ಸೈಕಲ್ ತುಳಿಯುವವನು. ಘಟ್ಟ ಹತ್ತುವುದರಲ್ಲಿ ಅವನ ಸಮಕ್ಕೆ ಅವನ ವಯಸ್ಸಿನವರು ದೇಶದಲ್ಲೇ ಇಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ನಮ್ಮ ದೇಶದ ಪತ್ರಿಕೆಗಳ ಚಟವೇ ಅದು. ನಾಲ್ಕೈದು ವರ್ಷಕ್ಕೊಮ್ಮೆ ಒಬ್ಬ ಹುಡುಗನನ್ನು ಹಿಡಿದು, "ಇಗೋ, ನಾವು ಕಾದಿದ್ದವನು ಬಂದ" ಎಂದು ತಲೆಯ ಮೇಲೆ ಹೊತ್ತು ಕುಣಿಯುವುದು, ಅವನೊಮ್ಮೆ ಮುಗ್ಗರಿಸಿದರೆ ಕೆಳಗೆ ಹಾಕಿ ಇನ್ನೊಬ್ಬನನ್ನು ಹುಡುಕುವುದು. ಕೆಳಗೆ ಬಿದ್ದವನಿಗೆ ಎಷ್ಟು ಪೆಟ್ಟಾಯಿತು ಎಂದು ಕೇಳುವವರಿಲ್ಲ.

ಊರಿನಲ್ಲಿ ಈ ಕುಣಿತಕ್ಕೆಲ್ಲ ಕಾಫಿಯೂ ವೈನೂ ಸಿಗುವ ಬೋರ್ತೊಲೊನ ಬಾರೇ ಅಂಗಳ. ಎನೇಯನ ಅಭಿಮಾನಿ ಸಂಘಕ್ಕೆ ಬೋರ್ತೊಲೊ ಅಧ್ಯಕ್ಷ. ತಾನೂ ಮೂರು ವರ್ಷ ಸಂಬಳದ ಸವಾರನಾಗಿದ್ದವನು. ತಂಡದ ನಾಯಕರಿಗೆ ನೀರಿನ ಬಾಟಲಿ ಹೊರುವ ಕೆಲಸ. ಮಂಡಿ ಕೈಕೊಟ್ಟದ್ದರಿಂದ ಬಿಡಬೇಕಾಯಿತು ಎಂದು ಆತ ಹೇಳುತ್ತಿದ್ದ, ಊರು ನಂಬುತ್ತಿತ್ತು. ಬಾರಿನ ಗೋಡೆಯ ತುಂಬ ಎನೇಯ ಗೆದ್ದ ಅಂಗಿಗಳು. ಅವುಗಳ ನಡುವೆ ಒಂದು ಬರಿಯ ಮೊಳೆ.

"ಗುಲಾಬಿ ಅಂಗಿಗೆ ಕಣ್ರೋ ಅದು," ಎನ್ನುವನು ಬೋರ್ತೊಲೊ. ದೇಶ ಸುತ್ತುವ ಮೂರು ವಾರದ ದೊಡ್ಡ ರೇಸಿನಲ್ಲಿ ಎಲ್ಲರಿಗಿಂತ ಮುಂದಿರುವವನು ತೊಡುವ ಅಂಗಿ. "ಎರಡು ವರ್ಷ ತಡೀರಿ. ಮೊಳೆ ಈಗ್ಲೇ ಹೊಡೆದಿದೀನಿ."

"ಮಗು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ಬೇಡ ಮಾರಾಯ," ಎಂದು ಡೇರಿಯ ಸಾಂತೊ ಕಾಲೆಳೆಯುವನು.

"ನೀನು ಚೀಸ್ ತಿರುವಿ ಹಾಕೋದ್ ನೋಡ್ಕೋ ಹೋಗು. ಸೈಕಲ್ ವಿಷ್ಯ ನಿಂಗೇನ್ ಗೊತ್ತು?"

ನೊಯೆಮಿ ಈ ಮಾತುಗಳನ್ನು ಕಾಫಿ ಹೀರುತ್ತ ಕೇಳುವಳು, ನಗುವಳು, ಅಂಗಡಿಗೆ ಹೋಗುವಳು. ಮಾರ್ಚ್ ತಿಂಗಳಿಂದ ಈಚೆಗೆ ಆ ಮೊಳೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಮಾರ್ಚಿನಲ್ಲಿ ಎನೇಯ ಕೆಲವು ದಿನ ಮನೆಗೆ ಬಂದಿದ್ದ. ಬೆಳಗ್ಗೆ ಘಟ್ಟ ಹತ್ತಿ ಹೋದವನು ಮಧ್ಯಾಹ್ನ ಊಟದ ಹೊತ್ತಾದರೂ ಬರಲಿಲ್ಲ. ಸೋನೆ ಹಿಡಿದಿತ್ತು. ನೊಯೆಮಿ ವ್ಯಾನು ತೆಗೆದುಕೊಂಡು ಹುಡುಕಲು ಹೋದಳು. ಸಾನ್ ರೊಕ್ಕೊ ಸಂತನ ಪುಟ್ಟ ಗುಡಿ ಇರುವ ತಿರುವಿಗಿಂತ ಇನ್ನೂ ಮೇಲೆ, ರಸ್ತೆ ಬದಿಯ ಕಲ್ಲುಗೋಡೆಯ ಮೇಲೆ ತಮ್ಮ ಕೂತಿದ್ದ. ಸೈಕಲ್ ಪಕ್ಕದಲ್ಲಿ ಒರಗಿತ್ತು. ಚಕ್ರಕ್ಕೆ ಏನೂ ಆಗಿರಲಿಲ್ಲ, ಮೈಗೂ ಏನೂ ಆಗಿರಲಿಲ್ಲ. ಕೈಗಳೆರಡನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ನಡುಗುತ್ತಿದ್ದ.

"ಇಳಿಯೋಕಾಗ್ತಿಲ್ಲ ಅಕ್ಕ," ಎಂದ.

ಹಿಂದಿನ ಅಕ್ಟೋಬರಿನಲ್ಲಿ ಒಂದು ರೇಸಿನಲ್ಲಿ ಮಳೆಯ ಇಳಿಜಾರಿನಲ್ಲಿ ಬಿದ್ದಿದ್ದ. ಜನ ರಸ್ತೆ ದಾಟುವ ಕಡೆ ಬಳಿದಿರುತ್ತಾರಲ್ಲ ಬಿಳಿ ಪಟ್ಟೆ, ಅದರ ಮೇಲೆ ಮುಂದಿನ ಚಕ್ರ ಜಾರಿ, ಕಬ್ಬಿಣದ ಬೇಲಿಗೆ ಹೋಗಿ ಬಡಿದಿದ್ದ. ಹೆಗಲ ಮೂಳೆ ಮುರಿದು ಚಳಿಗಾಲದೊಳಗೆ ಕೂಡಿಕೊಂಡಿತು. ಊರು ಅಷ್ಟನ್ನೇ ತಿಳಿದಿತ್ತು.

"ಒಣ ರಸ್ತೇಲಿ ಏನಿಲ್ಲ. ನೆನೆದ ರಸ್ತೇಲಿ ಬಿಳಿ ಬಣ್ಣ ಕಂಡ್ರೆ ಕೈ ನನ್ ಮಾತು ಕೇಳಲ್ಲ. ಬ್ರೇಕ್ ಹಿಡ್ಕೊಂಡ್ಬಿಡತ್ತೆ. ಬಿಡು ಅಂದ್ರೂ ಬಿಡಲ್ಲ."

"ಡಾಕ್ಟರಿಗೆ ಹೇಳಿದ್ಯಾ? ಮ್ಯಾನೇಜರಿಗೆ?"

"ಹುಚ್ಚಾ ನಿಂಗೆ? ಇವ್ನು ಇಳಿಜಾರಲ್ಲಿ ಹೆದರ್ತಾನೆ ಅಂತ ಒಬ್ಬನಿಗೆ ಗೊತ್ತಾದ್ರೆ ಇಡೀ ಗುಂಪಿಗೆ ಗೊತ್ತಾಗತ್ತೆ. ಆಮೇಲೆ ಘಟ್ಟದ್ ತುದಿ ಬಂದ್ ತಕ್ಷಣ ಎಲ್ಲಾ ಸೇರಿ ನನ್ನ ಹಿಂದೆ ಹಾಕ್ತಾರೆ. ಪ್ರತಿ ಸಲ. ಅಲ್ಲಿಗೆ ಕತೆ ಮುಗೀತು." ಕಂಕುಳಿಂದ ಕೈ ತೆಗೆದು ನೋಡಿಕೊಂಡ. "ಮ್ಯಾನೇಜರಿಗೆ ಅನುಮಾನ ಬಂದಿದೆ ಅನ್ಸತ್ತೆ. ಹತ್ತೋ ಕಾಲು ನಿಂಗೆ ದೇವ್ರು ಕೊಟ್ಟಿದಾನೆ, ಇಳಿಯೋದನ್ನ ಮೇ ತಿಂಗಳ ರೇಸಲ್ಲಿ ನೋಡ್ತೀನಿ ಅಂದ್ರು. ಚೆನ್ನಾಗಿ ಇಳಿದ್ರೆ ಮುಂದಿನ ವರ್ಷದಿಂದ ನಾನೇ ನಾಯಕ, ನನ್ ರೇಸು ನಾನೇ ತುಳೀತೀನಿ. ಇಲ್ದಿದ್ರೆ ಬಾಟಲಿ ಹೊರೋದು. ಅದೂ ಅವ್ರು ಇಟ್ಕೊಂಡ್ರೆ."

ನೊಯೆಮಿ ವ್ಯಾನಿನ ಹಿಂಬಾಗಿಲು ತೆಗೆದಳು. ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿ, ಸೈಕಲನ್ನು ಒಳಗೆ ಮಲಗಿಸಿದಳು. ಇಬ್ಬರೂ ಇಳಿದು ಬಂದರು. ಊರು ಇನ್ನೇನು ಬಂತು ಎನ್ನುವಾಗ ಸ್ಮಶಾನದ ಗೇಟಿನ ಬಳಿ ಎನೇಯ ವ್ಯಾನು ನಿಲ್ಲಿಸಲು ಹೇಳಿದ. ಸೈಕಲ್ ಇಳಿಸಿಕೊಂಡು, ಅಲ್ಲಿಂದ ತುಳಿದುಕೊಂಡು ಬಾರಿನ ಮುಂದೆ ಹಾದು ಹೋದ. ಬೋರ್ತೊಲೊ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ್ದು ಹಿಂದೆ ವ್ಯಾನಿನಲ್ಲಿ ಬರುತ್ತಿದ್ದ ನೊಯೆಮಿಗೆ ಕಂಡಿತು.

ಮೇ ತಿಂಗಳ ಆ ಗುಲಾಬಿ ಅಂಗಿಯ ರೇಸು ನಮ್ಮೂರಿಗೆ ಬರುವುದು ಹತ್ತು ಹದಿನೈದು ವರ್ಷಕ್ಕೊಮ್ಮೆ. ಬಂದಾಗಲೆಲ್ಲ ಕೆಳಗಿನ ಪಟ್ಟಣದಿಂದ ಹೊರಟು, ಊರು ದಾಟಿ, ಘಟ್ಟ ಹತ್ತಿ ಆಚೆ ಇಳಿಯುತ್ತಿತ್ತು. ಈ ವರ್ಷ ಮಾತ್ರ ಆಚೆಯಿಂದ ಹತ್ತಿ ಈಚೆ ಇಳಿಯುವುದೆಂದು ನಿಶ್ಚಯವಾಗಿತ್ತು. ಆ ದಿನದ ಗುರಿ ಕೆಳಗಿನ ಪಟ್ಟಣದಲ್ಲಿ, ಗಿರಣಿಯ ಮುಂದೆಯೇ. ಈ ಉಲ್ಟಾ ದಾರಿಯ ಬಗ್ಗೆ ಬಾರಿನಲ್ಲಿ ತಿಂಗಳುಗಟ್ಟಲೆ ಜಗಳವಾಗಿತ್ತು. ನೊಯೆಮಿ ಮಾತ್ರ ಆ ದಿನ ಬಿಸಿಲಿರಲಿ ಎಂದು ಬೇಡಿಕೊಂಡಳು.

ರಸ್ತೆಯ ಮೇಲೆ ಸವಾರನ ಹೆಸರು ಬರೆಯುವುದು ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ. ಹತ್ತುವ ಕಡೆ ಬರೆಯುತ್ತಾರೆ. ಏದುಸಿರು ಬಿಡುತ್ತ ತಲೆ ತಗ್ಗಿಸಿ ಹತ್ತುವವನಿಗೆ ಚಕ್ರದ ಕೆಳಗೆ ತನ್ನ ಹೆಸರು ಕಂಡರೆ ಕಾಲಿಗೆ ಬಲ ಬರುತ್ತದೆ ಎಂದು ನಂಬಿಕೆ. ಸುಣ್ಣದಲ್ಲಿ ಬರೆಯುತ್ತಾರೆ, ಎರಡು ಮಳೆಗೆ ಹೋಗುತ್ತದೆ. ಈ ಸಲ ಬೋರ್ತೊಲೊಗೆ ಸುಣ್ಣ ಸಾಲಲಿಲ್ಲ. ಹೆಲಿಕಾಪ್ಟರಿನ ಕ್ಯಾಮೆರಾಕ್ಕೆ ಕಾಣಬೇಕು, ದೇಶಕ್ಕೆಲ್ಲ ಕಾಣಬೇಕು ಎಂದು ಬಾರಿನ ಕಬ್ಬಿಣದ ಕುರ್ಚಿಗಳಿಗೆ ಬಳಿಯಲು ತಂದಿಟ್ಟಿದ್ದ ಬಿಳಿ ಎಣ್ಣೆಬಣ್ಣದ ಡಬ್ಬಗಳನ್ನೇ ಹೊತ್ತುಕೊಂಡು ಹೊರಟ. ಜಾಗ ಸಾನ್ ರೊಕ್ಕೊ ತಿರುವು. ಅಲ್ಲಿ ರಸ್ತೆ ಅಗಲ, ಮರ ಅಡ್ಡ ಬರುವುದಿಲ್ಲ.

"ತಿರುವಲ್ಲಿ ಯಾಕ್ ಮಾವ? ಕೆಳಗೆ ಚರ್ಚಿನ ಮುಂದೆ ನೇರ ರಸ್ತೆ ಇದೆಯಲ್ಲ," ಎಂದಿದ್ದಳು ನೊಯೆಮಿ.

"ಅಲ್ಲಿ ಹೆಲಿಕಾಪ್ಟರಿಗೆ ಚರ್ಚಿನ ಗೋಪುರ ಅಡ್ಡ ಬರತ್ತೆ ಕಣಮ್ಮ. ಇದೆಲ್ಲ ಲೆಕ್ಕ ಹಾಕಿದೀನಿ ನಾನು."

ಅದಕ್ಕಿಂತ ಹೆಚ್ಚು ಹೇಳಲು ಅವಳಿಂದ ಆಗಲಿಲ್ಲ. ಯಾಕೆ ಬೇಡ ಎಂದು ಹೇಳಿದರೆ ತಮ್ಮನ ಗುಟ್ಟು ಬಾರಿಗೆ ಬಂದಂತೆ. ಬಾರಿಗೆ ಬಂದದ್ದು ಕಣಿವೆಯ ಪತ್ರಿಕೆಗೆ ಬರಲು ಒಂದು ಸಂಜೆ ಸಾಕು, ಏಕೆಂದರೆ ಅದರಲ್ಲಿ ಆಟದ ಪುಟ ಬರೆಯುವವನು ಬೋರ್ತೊಲೊನ ಭಾವಮೈದುನನೇ.

ಬರೆದದ್ದೇನೋ ಬರೆದರು, ಒಂದೊಂದು ಅಕ್ಷರ ಆಳುದ್ದ. ಮಾರನೆಯ ದಿನ ಸಾಂತೊ ಮೇಲಿನ ಹುಲ್ಲುಗಾವಲಿಂದ ಹಾಲಿನ ಗಾಡಿ ಇಳಿಸಿಕೊಂಡು ಬಂದವನು ಬಾರಿನ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಧ್ಯಕ್ಷರೇ, ಹುಡುಗ ತಲೆ ಕೆಳಗೆ ಕಾಲು ಮೇಲೆ ಮಾಡ್ಕೊಂಡು ಇಳೀಬೇಕಾ? ಹೆಸರು ಉಲ್ಟಾ ಬರೆದಿದೀರಲ್ರೀ!"

ರೇಸು ಈ ಸಲ ಮೇಲಿನಿಂದ ಬರುತ್ತದೆಂದು ಎಲ್ಲರ ಬಾಯಿಗೂ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅಪ್ಪಂದಿರು, ಅಜ್ಜಂದಿರು ನಿಂತ ಕಡೆಯೇ ನಿಂತು, ಹತ್ತುವವನ ಕಣ್ಣಿಗೆ ಸರಿಯಾಗಿ ಬರೆದುಬಿಟ್ಟಿದ್ದರು. ಬೋರ್ತೊಲೊ ಒಂದು ಗಳಿಗೆ ಬೆಪ್ಪಾಗಿ ನಿಂತ. ಆಮೇಲೆ ಉಳಿದ ಡಬ್ಬಗಳನ್ನೂ ಹೊತ್ತುಕೊಂಡು ಹೋಗಿ, ಅದರ ಮೇಲ್ಗಡೆ ಇನ್ನೊಂದು ಸಲ, ಇಳಿಯುವವನ ಕಣ್ಣಿಗೆ ನೆಟ್ಟಗೆ ಕಾಣುವಂತೆ, ಮೊದಲಿಗಿಂತ ದಪ್ಪಗೆ ಬರೆಸಿದ. ಈಗ ತಿರುವಿನ ಉದ್ದಕ್ಕೂ ಬಿಳಿಯೋ ಬಿಳಿ.

ರೇಸಿನ ದಿನ ಬೆಳಗ್ಗೆ ಪಾಲ್ಮಿರಜ್ಜಿಯ ತಲೆ ತೊಳೆಯುತ್ತಿದ್ದಾಗ ನೊಯೆಮಿಗೆ ಕಿಟಕಿಯ ಗಾಜಿನ ಮೇಲೆ ಹನಿ ಕಂಡಿತು. ಮೊದಲು ನಾಲ್ಕು ಹನಿ. ಆಮೇಲೆ ಎಣಿಸಲಾಗದಷ್ಟು. ಅವಳ ಕೈ ನಿಂತಿತು.

"ಏನಾಯ್ತೇ? ಕಣ್ಣಿಗೆ ಸೋಪು ಹೋಗ್ತಿದೆ," ಎಂದಳು ಅಜ್ಜಿ.

"ಅಜ್ಜೀ, ನಾಳೆ ಬಾ. ದುಡ್ಡು ಬೇಡ. ಈ ಟವೆಲ್ ಸುತ್ತಿಕೊಂಡು ಮನೆಗೆ ಹೋಗು, ನನ್ನವ್ವ ಅಲ್ವಾ ನೀನು."

ಬಾಗಿಲು ಹಾಕಿ, ಒಲೆ ಉಜ್ಜುವ ತಂತಿ ಬ್ರಷ್ಷು, ಒಂದು ಬಕೆಟ್ಟು, ಉಗುರಿನ ಬಣ್ಣ ತೆಗೆಯುವ ದ್ರಾವಣದ ಅಷ್ಟೂ ಬಾಟಲಿ ಎತ್ತಿಕೊಂಡು ನೊಯೆಮಿ ತಿರುವಿನ ಕಡೆ ಓಡಿದಳು. ರಸ್ತೆಗೆ ಆಗಲೇ ವಾಹನ ಬಿಡುತ್ತಿರಲಿಲ್ಲ. ಬಿಳಿ ಬಣ್ಣದ ಮೇಲೆ ಕಾಲಿಟ್ಟದ್ದೇ ತಡ, ಸರ್‍ರನೆ ಜಾರಿ ಸೊಂಟ ಬಡಿದು ಬಿದ್ದಳು. ಬಾಟಲಿಗಳು ಉರುಳಿದವು. ನೋವಿಗಿಂತ ಹೆಚ್ಚಾಗಿ ಭಯಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ನಡೆಯುವವಳ ಗತಿ ಇದಾದರೆ ಬೆರಳಗಲದ ಚಕ್ರದ ಮೇಲೆ ಬರುವವನ ಗತಿಯೇನು? ಮೊಣಕಾಲೂರಿ ಉಜ್ಜತೊಡಗಿದಳು. ಉಗುರಿನ ಬಣ್ಣ ಹೋಗುವಂತೆ ಇದು ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮೊದಲ ಅಕ್ಷರದ ಒಂದು ಗೆರೆ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಏಯ್ ನೊಯೆಮಿ! ತಲೆಗಿಲೆ ಕೆಟ್ಟಿದ್ಯಾ?"

ಬೋರ್ತೊಲೊ. ಸಂಘದ ಹಳದಿ ಅಂಗಿ ತೊಟ್ಟು, ಕೊಡೆ ಹಿಡಿದು ಬರುತ್ತಿದ್ದ. ಅವನ ಹಿಂದೆ ದೂರದಲ್ಲಿ ಊರಿನವರು ಕಬ್ಬಿಣದ ಒಲೆ, ಸಾಸೇಜಿನ ಬುಟ್ಟಿ, ವೈನಿನ ಜಾಡಿ ಹೊತ್ತು ಮೇಲೆ ಬರುತ್ತಿದ್ದರು.

"ನಿನ್ ತಮ್ಮನ ಹೆಸರು ಕಣೇ ಅದು!"

"ಗೊತ್ತು ಮಾವ. ಇಟ್ಟೋಳೇ ನಾನು," ಎಂದಳು, ಉಜ್ಜುವುದನ್ನು ನಿಲ್ಲಿಸದೆ.

"ಮತ್ತೆ? ಯಾರ್ ಮೇಲ್ ಸಿಟ್ಟು? ಏನಾದ್ರೂ ಹೇಳು!"

ಅವಳು ಬ್ರಷ್ಷನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಬೋರ್ತೊಲೊ ಬೈಯಲೆಂದು ಬಾಯಿ ತೆರೆದವನು ಅವಳ ಮುಖ ನೋಡಿದ. ಆಮೇಲೆ ಮೇಲೆ ರಸ್ತೆ ತಿರುಗುವ ಕಡೆ ನೋಡಿದ. ಬೂಟಿನ ತುದಿಯನ್ನು ಮೆಲ್ಲಗೆ ಬಣ್ಣದ ಮೇಲಿಟ್ಟು ಸರಿಸಿದ. ಕಾಲು ತಾನಾಗಿಯೇ ಮುಂದೆ ಹೋಯಿತು. ಕೊಡೆ ಮಡಚಿದ.

"ಯಾವಾಗಿಂದ?" ಎಂದ, ತಗ್ಗಿದ ದನಿಯಲ್ಲಿ.

"ಏನು ಯಾವಾಗಿಂದ?"

"ನನ್ ಹತ್ರ ಮುಚ್ಚಿಡ್ಬೇಡ ಮಗಳೇ."

ನೊಯೆಮಿ ಬ್ರಷ್ಷು ಕೆಳಗಿಟ್ಟಳು. "ಅಕ್ಟೋಬರಿಂದ," ಎಂದಳು ಕೊನೆಗೆ.

ಬೋರ್ತೊಲೊ ಸಂತನ ಗುಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಮಳೆ ಅವನ ಬೋಳುತಲೆಯ ಮೇಲೆ ಸುರಿಯುತ್ತಿತ್ತು. ಬಲಗಾಲನ್ನು ಚಾಚಿದ, ಮಡಚಿದ, ಮತ್ತೆ ಚಾಚಿದ.

"ನನ್ ಮಂಡಿ ಚೆನ್ನಾಗೇ ಇದೆ ಕಣಮ್ಮ. ಯಾವತ್ತೂ ಏನೂ ಆಗಿರ್ಲಿಲ್ಲ."

ಅಷ್ಟೇ ಹೇಳಿದ. ಅವನಿಗೆ ಸೈಕಲ್ ಬಿಡಿಸಿದ್ದೂ ಇದೇ ಹೆದರಿಕೆಯೆಂದು ಅಷ್ಟರಲ್ಲೇ ನೊಯೆಮಿಗೆ ತಿಳಿಯಿತು. ಈ ಮನುಷ್ಯ ಇಷ್ಟು ವರ್ಷ ಮಳೆ ಬಂದಾಗಲೆಲ್ಲ ಬಾರಿನ ಮೆಟ್ಟಿಲನ್ನು ಕುಂಟುತ್ತ ಹತ್ತಿದ್ದನ್ನು ನೆನೆದು ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಕನಿಕರ ಉಕ್ಕಿತು. ಕೈ ಚಾಚಿ ಅವನ ಮಂಡಿಯ ಮೇಲಿಟ್ಟಳು. ಅವನು ಆ ಕೈಯನ್ನು ತಟ್ಟಿ ಎದ್ದು ನಿಂತು, ಕೆಳಗೆ ಬರುತ್ತಿದ್ದವರಿಗೆ ಕೇಳುವಂತೆ ಅಬ್ಬರಿಸಿದ.

"ಒಲೆ ಅಲ್ಲೇ ಬಿಡ್ರೋ! ತಂತಿ ಬ್ರಷ್ಷು, ಹಾರೆ, ಪಾತ್ರೆ ಉಜ್ಜೋದು, ಏನಿದ್ಯೋ ತಗೊಂಡ್ ಬನ್ನಿ. ಸಾಂತೊ, ಹಂದಿ ರೋಮ ಸುಡೋ ಗ್ಯಾಸಿನ ಬೆಂಕಿ ತಗೊಂಡ್ ಬಾ, ಓಡು! ಇದನ್ನೆಲ್ಲ ಅಳಿಸ್ಬೇಕು!"

"ಯಾಕಂತೆ? ಮತ್ತೆ ಉಲ್ಟಾ ಆಯ್ತಾ?"

"ತಪ್ಪು ನಂದು! ಕುರ್ಚಿ ಬಣ್ಣ ಬಳಿಸಿದೀನಿ. ನೆನೆದ್ರೆ ಸೋಪು ಇದ್ದಂಗೆ. ಇಲ್ಲಿ ಯಾವನಾದ್ರೂ ಜಾರಿ ಬಿದ್ದು ದೇಶಕ್ಕೆಲ್ಲ ಟೀವೀಲಿ ಕಂಡ್ರೆ ಊರಿನ ಮಾನ ಹರಾಜು. ನಾನು ಕತ್ತೆ. ಸಾಕಾ? ಈಗ ಬನ್ನಿ!"

ಬೋರ್ತೊಲೊ ತಪ್ಪೊಪ್ಪಿದ್ದನ್ನು ಊರು ಅದೇ ಮೊದಲು ಕೇಳಿದ್ದು. ಕಾಲೆಳೆಯಲು ಇಂಥ ಅವಕಾಶ ಬಿಟ್ಟಾರೆಯೇ? ಹೆಲಿಕಾಪ್ಟರಿನ ಲೆಕ್ಕ ಹಾಕಿದವರು, ಮೊಳೆ ಹೊಡೆದವರು, ಕುಲಾವಿ ಹೊಲಿಸಿದವರು ಎಂದು ಹಂಗಿಸುತ್ತಲೇ ಎಲ್ಲರೂ ಮೊಣಕಾಲೂರಿದರು. ಬೋರ್ತೊಲೊ ಒಂದಕ್ಕೂ ಎದುರಾಡಲಿಲ್ಲ. ಸಾಂತೊ ಬೆಂಕಿಯ ನಳಿಗೆ ಹಿಡಿದು ಬಣ್ಣವನ್ನು ಕಾಯಿಸಿ ಮೆತ್ತಗೆ ಮಾಡುವುದು, ಅದು ಗುಳ್ಳೆ ಏಳುತ್ತಲೇ ಉಳಿದವರು ಕೆರೆದು ಉಜ್ಜುವುದು. ಪೊಲೆಂತಾ ಹಂಡೆಯ ತಳ ಉಜ್ಜುವ ತಂತಿಯುಂಡೆ ಹಿಡಿದು ಹೆಂಗಸರೂ ಬಂದರು. ತಲೆಗೆ ಟವೆಲ್ ಸುತ್ತಿಕೊಂಡೇ ಪಾಲ್ಮಿರಜ್ಜಿಯೂ ಬಂದಳು. ಸುಟ್ಟ ಬಣ್ಣದ ವಾಸನೆಗೆ ಎಲ್ಲರ ಕಣ್ಣು ಉರಿಯುತ್ತಿತ್ತು.

ಮೋಟಾರ್ ಬೈಕಿನಲ್ಲಿ ಬಂದ ಪೊಲೀಸಿನವನು ತಲೆ ಕೆರೆದುಕೊಂಡ. "ಇಷ್ಟು ವರ್ಷ ರಸ್ತೆ ಮೇಲೆ ಬರೆಯೋರನ್ನ ಹಿಡಿದಿದೀನಿ. ಅಳಿಸೋರನ್ನ ಏನ್ ಮಾಡ್ಬೇಕೋ ಗೊತ್ತಿಲ್ಲ," ಎಂದ. ಪಾಲ್ಮಿರಜ್ಜಿ ಅವನ ಕೈಗೂ ಒಂದು ತಂತಿಯುಂಡೆ ಕೊಟ್ಟಳು. ಅವನು ಅತ್ತಿತ್ತ ನೋಡಿ ಕೂತು, ಒಂದು ಅಕ್ಷರದ ಬಾಲ ಉಜ್ಜಿಕೊಟ್ಟು ಹೋದ.

ಬಣ್ಣ ಪೂರ್ತಿ ಹೋಗಲಿಲ್ಲ, ಆದರೆ ಹೊಳಪು ಹೋಯಿತು, ನುಣುಪು ಹೋಯಿತು. ನೊಯೆಮಿ ಬರಿಗಾಲಲ್ಲಿ ತಿರುವಿನ ಮೇಲೆಲ್ಲ ನಡೆದು ನೋಡಿದಳು. ಕಾಲು ಜಾರಲಿಲ್ಲ. ಕಪ್ಪು ರಸ್ತೆಯ ಮೇಲೆ ಬೂದು ಕಲೆಗಳು ಉಳಿದಿದ್ದವು. ಅಲ್ಲೊಂದು ಹೆಸರಿತ್ತೆಂದು ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಬೋರ್ತೊಲೊ ರೇಡಿಯೊ ಕಿವಿಗಿಟ್ಟುಕೊಂಡು ಗುಡಿಯ ಮೆಟ್ಟಿಲ ಮೇಲೆ ನಿಂತ. "ಘಟ್ಟದ್ ತುದೀಲಿ ಏಳು ಜನ ಮುಂದಿದಾರೆ. ನಮ್ಮೋನು ಇದಾನೆ!" ಎಂದ. ಜನ ಕೂಗಿದರು. ನೊಯೆಮಿ ಕೂಗಲಿಲ್ಲ. ಹತ್ತುವುದು ಎಂದೂ ಅವಳ ಚಿಂತೆಯಾಗಿರಲಿಲ್ಲ.

ಮೊದಲು ಬೈಕುಗಳು ಬಂದವು, ಆಮೇಲೆ ಒಂದು ಕೆಂಪು ಕಾರು. ಆಮೇಲೆ ಇಬ್ಬರು ಸವಾರರು, ಕೆಸರು ಬಳಿದುಕೊಂಡ ಮುಖಗಳು, ಗುರುತು ಸಿಗುವ ಮೊದಲೇ ಹಾದು ಹೋದರು. ಇನ್ನೂ ಇಬ್ಬರು. ಆಗ ಮೇಲಿನ ಮರಗಳ ಹಿಂದಿನಿಂದ ಎನೇಯ ಕಾಣಿಸಿಕೊಂಡ, ಒಬ್ಬನೇ. ಅವಳು ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಬೆರಳುಗಳು ಬ್ರೇಕಿನ ಮೇಲೆ ಬಿಗಿದುಕೊಂಡಿದ್ದವು. ದೂರದಿಂದಲೇ ಗೊತ್ತಾಗುವಷ್ಟು ಬಿಗಿದುಕೊಂಡಿದ್ದವು.

ತಿರುವಿನ ಬಾಯಿಗೆ ಬಂದ. ತಲೆ ಎತ್ತಿದ. ರಸ್ತೆ ನೋಡಿದ.

ಬೆರಳುಗಳು ಬಿಚ್ಚಿಕೊಂಡವು. ಸೈಕಲ್ ಒಳಕ್ಕೆ ವಾಲಿ, ಸಂತನ ಗುಡಿಯನ್ನು ಸವರಿದ ಹಾಗೆ ಸುತ್ತಿ, ನೇರವಾಗಿ, ಊರಿನ ಚರ್ಚಿನ ಕಡೆ ಇಳಿದು ಹೋಯಿತು. ಅವನು ಹಿಂತಿರುಗಿ ನೋಡಲಿಲ್ಲ. ಸಾಂತೊ ಯಾರನ್ನೋ ತಬ್ಬಿಕೊಂಡ. ನೊಯೆಮಿ ಮಳೆಯಲ್ಲಿ ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು, ಯಾರಾದರೂ ನೋಡುತ್ತಾರೆಂಬ ಪರಿವೆಯೇ ಇಲ್ಲದೆ. ಬೋರ್ತೊಲೊ ಅವಳನ್ನು ಮರೆಮಾಡುವಂತೆ ಕೊಡೆ ಬಿಚ್ಚಿ ಹಿಡಿದ.

ಕೆಳಗಿನ ಪಟ್ಟಣದಲ್ಲಿ ಎನೇಯ ಐದನೆಯವನಾಗಿ ಗುರಿ ಮುಟ್ಟಿದ.

ಸಂಜೆ, ಇನ್ನೂ ಬೆಳಕಿರುವಾಗಲೇ, ಅವನ ಫೋನು ಬಂತು. ನೊಯೆಮಿ ಬಾರಿನ ಹಿಂದಿನ ಅಂಗಳಕ್ಕೆ ಹೋಗಿ ಮಾತಾಡಿದಳು.

"ಅಪ್ಪ ಅಮ್ಮ ಸಿಕ್ಕಿದ್ರು. ಅಮ್ಮ ಎಲ್ಲರ ಮುಂದೆ ನನ್ ಮೂಗು ಒರೆಸಿದ್ಲು," ಎಂದ.

"ಐದನೇ ಸ್ಥಾನದ ಮೂಗು ತಾನೆ, ಒರೆಸ್ಲಿ ಬಿಡು. ಮ್ಯಾನೇಜರ್ ಏನಂದ್ರು?"

"ನಾಳೆ ಮಾತಾಡೋಣ ಅಂದ್ರು. ನಗ್ತಾ ಅಂದ್ರು." ಆಮೇಲೆ ಕೇಳಿದ, "ಅಕ್ಕಾ, ತಿರುವಲ್ಲಿ ನನ್ ಹೆಸರೆಲ್ಲಿ?"

"ಯಾವ ಹೆಸರು? ಮಳೆಗೆ ತೊಳೆದು ಹೋಗಿರ್ಬೇಕು."

"ಸುಳ್ಳು ಹೇಳೋಕೆ ನಿಂಗೆ ಚಿಕ್ಕಂದಿಂದ ಬರಲ್ಲ. ಬೋರ್ತೊಲೊ ಮಾವ ನಿನ್ನೆ ಫೋಟೊ ಕಳ್ಸಿದ್ರು. ಎರಡು ಸಲ ಬರೆದಿದೀವಿ ನೋಡು, ಹೆಲಿಕಾಪ್ಟರಿಗೆ ಕಾಣತ್ತೆ ನೋಡು ಅಂತ. ಬೆಳಗ್ಗೆ ಮಳೆ ನೋಡಿದಾಗಿಂದ ನನ್ ಕಣ್ಮುಂದೆ ಅದೊಂದೇ ಇತ್ತು. ಘಟ್ಟದ್ ತುದೀಲೇ ತೀರ್ಮಾನ ಮಾಡ್ಕೊಂಡಿದ್ದೆ, ಅಲ್ಲಿಗೆ ಬಂದಾಗ ನಿಂತೇ ಬಿಡ್ತೀನಿ, ಕಾಲೂರಿ ನಡ್ಕೊಂಡ್ ದಾಟ್ತೀನಿ, ನಮ್ಮೂರೋರ ಮುಂದೇನೇ. ಮರ್ಯಾದೆ ಹೋದ್ರೆ ಹೋಗ್ಲಿ ಅಂತ."

ನೊಯೆಮಿ ಗೋಡೆಗೆ ಒರಗಿದಳು.

"ತಲೆ ಎತ್ತಿ ನೋಡ್ತೀನಿ, ರಸ್ತೆ ಕಪ್ಪಗಿದೆ. ನಿಮ್ಮೆಲ್ಲರ ಮೊಣಕಾಲು ಕೆಸರಾಗಿದೆ. ಆಗ ಬಿಟ್ಟೆ ಬ್ರೇಕು. ಹೆದರಿಕೆ ಹೋಗಿಲ್ಲ ಅಕ್ಕ. ಇದೆ. ಯಾರ್ಯಾರಿಗೆ ಗೊತ್ತು?"

"ನಂಗೆ. ಬೋರ್ತೊಲೊ ಮಾವಂಗೆ. ಅವರಿಂದ ಹೊರಗೆ ಹೋಗಲ್ಲ."

"ಅವರು ಏನಂದ್ರು?"

ನೊಯೆಮಿ ಬಾಗಿಲಿನಿಂದ ಒಳಗೆ ನೋಡಿದಳು. ಬಾರಿನಲ್ಲಿ ಗದ್ದಲವೋ ಗದ್ದಲ. ಬೋರ್ತೊಲೊ ಸ್ಟೂಲು ಹತ್ತಿ, ಸವೆದು ಹೋದ ಒಂದು ತಂತಿ ಬ್ರಷ್ಷನ್ನು ಆ ಬರಿಯ ಮೊಳೆಗೆ ನೇತುಹಾಕುತ್ತಿದ್ದ. ಗುಲಾಬಿ ಅಂಗಿ ಇಷ್ಟು ಸಣ್ಣದಾಯಿತಲ್ಲ ಎಂದು ಸಾಂತೊ ಹಂಗಿಸುತ್ತಿದ್ದ.

"ಮುಂದಿನ ಸಲ ನೀನು ಬಂದಾಗ ಅವರೇ ಹೇಳ್ತಾರೆ. ಮಳೆ ಬರೋ ದಿನ ಬಾ. ಅವರ ಹಳೇ ಸೈಕಲ್ ಅಟ್ಟದ ಮೇಲಿದೆಯಂತೆ. ಇಬ್ಬರೂ ಒಟ್ಟಿಗೆ ಇಳೀರಿ, ಮೆಲ್ಲಗೆ. ನಾನು ಹಿಂದೆ ವ್ಯಾನಲ್ಲಿ ಬರ್ತೀನಿ," ಎಂದಳು.

ಮಾರನೆಯ ದಿನ ಬೆಳಗ್ಗೆ ಪಾಲ್ಮಿರಜ್ಜಿ ಅರ್ಧಕ್ಕೆ ಬಿಟ್ಟ ತಲೆ ತೊಳೆಸಿಕೊಳ್ಳಲು ಬಂದಳು. ನೊಯೆಮಿ ನೀರು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುವಾಗ ಅಜ್ಜಿ ಅವಳ ಕೈ ಹಿಡಿದು ಕಣ್ಣಿನ ಹತ್ತಿರ ತಂದುಕೊಂಡಳು. ಉಗುರುಗಳ ಸಂದಿಯಲ್ಲೆಲ್ಲ ಬಿಳಿ ಕೂತಿತ್ತು.

"ಊರಿನ ಉಗುರೆಲ್ಲ ತಿದ್ದೋಳು ನೀನು. ಇದೇನೇ ಇದು, ನಿನ್ನ ಉಗುರಲ್ಲಿ?"

"ನನ್ ತಮ್ಮನ ಹೆಸರು ಅಜ್ಜಿ," ಎಂದಳು ನೊಯೆಮಿ. "ಇರ್ಲಿ ಬಿಡು, ಇಲ್ಲಿದ್ರೆ ಯಾರೂ ಜಾರಲ್ಲ."

ಅಜ್ಜಿ ಆ ಕೈಯನ್ನು ಒಂದು ಗಳಿಗೆ ಹಾಗೆಯೇ ಹಿಡಿದುಕೊಂಡಿದ್ದು, ಆಮೇಲೆ ಕಣ್ಣು ಮುಚ್ಚಿ ತಲೆಯನ್ನು ಬೇಸಿನ್ನಿಗೆ ಒರಗಿಸಿದಳು.